ಮನೆಯೇ ಪಾಠಶಾಲೆ: ಗಾಳದ ಚೀಲದಲ್ಲಿ ಏನೇನಿರಬೇಕು?

ಓಣಂ ರಜೆಯ ಹತ್ತು ದಿನಗಳು ಬಂದವೆಂದರೆ ನಮ್ಮ ಗಡಿನಾಡಿನ ಹುಡುಗರ ಕಾಲುಗಳು ತಾವಾಗಿಯೇ ಹೊಳೆಯ ಕಡೆಗೆ ತಿರುಗುತ್ತವೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೇರಳ ರಾಜ್ಯದ 44 ನದಿಗಳಲ್ಲಿ 12 ನದಿಗಳು ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ ಹರಿಯುತ್ತವೆ. ಮಂಜೇಶ್ವರದ ಹೊಳೆ, ಉಪ್ಪಳದ ಹೊಳೆ, ಶಿರಿಯ, ಮೊಗ್ರಾಲು, ಇವೆಲ್ಲಕ್ಕೂ ಹಿರಿಯಳಾದ ಚಂದ್ರಗಿರಿ — ಯಾವ ಮನೆಯ ಜಗಲಿಯಿಂದ ಇಳಿದು ನಡೆದರೂ ಅರ್ಧ ಗಳಿಗೆಯಲ್ಲಿ ಒಂದು ತೋಡೋ, ಒಂದು ಕಯವೋ, ಒಂದು ಅಳಿವೆಯೋ ಎದುರಾಗುತ್ತದೆ.

ಈ ಅಂಕಣದ ಓದುಗರಾದ ತಾಯಿಯೊಬ್ಬರು ಬರೆದಿದ್ದಾರೆ: "ಮಗ ಏಳನೆಯ ತರಗತಿ. ಸೋದರಮಾವನೊಡನೆ ಗಾಳ ಹಾಕಲು ಹೋಗುತ್ತೇನೆಂದು ಹಠ. ಬೇಡವೆಂದರೆ ಹೇಳದೆ ಹೋಗುತ್ತಾನೆ. ಹೋಗು ಎನ್ನಲು ಎದೆ ಒಪ್ಪುವುದಿಲ್ಲ. ಏನು ಮಾಡಲಿ?" ಪ್ರಶ್ನೆ ಒಬ್ಬರದಾದರೂ ಚಿಂತೆ ಎಲ್ಲ ಮನೆಗಳದು. ಮೀನು ತಿನ್ನದ ಮನೆಯವರು 'ಇದು ನಮಗಲ್ಲ' ಎಂದು ಪುಟ ತಿರುವದಿರಲಿ. ಮೀನು ತಿನ್ನದ ಮನೆಯ ಹುಡುಗನೂ ಗೆಳೆಯನ ಗಾಳವನ್ನು ನೋಡಲು ಅದೇ ದಡದಲ್ಲಿ ನಿಂತಿರುತ್ತಾನೆ.

ನನ್ನ ಉತ್ತರ ಇಷ್ಟೆ: ಹೋಗಲಿ, ಆದರೆ ಸಿದ್ಧತೆಯೊಡನೆ ಹೋಗಲಿ. ನಿಷೇಧಿಸಿದ ಹೊಳೆಗೆ ಮಕ್ಕಳು ಕದ್ದು ಹೋಗುತ್ತಾರೆ. ಕದ್ದು ಹೋದವರ ಬಳಿ ಹಗ್ಗವಿರುವುದಿಲ್ಲ, ಹಿರಿಯರಿರುವುದಿಲ್ಲ, ಎಲ್ಲಿಗೆ ಹೋದರೆಂಬ ಸುಳಿವು ಮನೆಯವರಿಗೂ ಇರುವುದಿಲ್ಲ. ಆದುದರಿಂದ ಹೊರಡುವ ಹಿಂದಿನ ದಿನ ಸಂಜೆ ಚೀಲವನ್ನು ಮಗುವಿನ ಕೈಯಿಂದಲೇ ತುಂಬಿಸಬೇಕು. ಪಟ್ಟಿಯನ್ನು ಅವನೇ ಕನ್ನಡದಲ್ಲಿ ಬರೆಯಲಿ. ಒಂದೊಂದು ವಸ್ತುವೂ ಏತಕ್ಕೆಂದು ಅವನೇ ಹೇಳಲಿ. ಕಾರಣ ತಿಳಿದು ಹೊತ್ತ ವಸ್ತು ಭಾರವೆನಿಸುವುದಿಲ್ಲ. ಆಪತ್ತಿನಲ್ಲಿ ಕೈಗೂ ಒದಗುತ್ತದೆ.

ಮೊದಲು ಗಾಳದ ಸಾಮಾನು

ಕೋಲಿಗೆ ನೆರಳಿನಲ್ಲಿ ಒಣಗಿಸಿದ ಸಪೂರವಾದ ಬಿದಿರು ಸಾಕು. ಹತ್ತಡಿಗಿಂತ ಉದ್ದ ಬೇಡ. ಪೇಟೆಯಲ್ಲಿ ಸಿಗುವ ಕಾರ್ಬನ್ ಕೋಲು ಹಗುರವೆಂಬುದು ನಿಜ. ಆದರೆ ಅದು ವಿದ್ಯುತ್ತನ್ನು ಹರಿಸುತ್ತದೆ. ಒದ್ದೆಯಾದ ಬಿದಿರನ್ನೂ ಈ ವಿಷಯದಲ್ಲಿ ನಂಬಬಾರದು. ಹೊಳೆಯನ್ನು ದಾಟಿ ಹೋಗುವ ವಿದ್ಯುತ್ ತಂತಿಯ ಕೆಳಗೆ, ತೋಟದ ಪಂಪಿನ ತಂತಿಯ ಬಳಿ ಯಾವ ಕೋಲನ್ನೂ ಎತ್ತಿ ಹಿಡಿಯತಕ್ಕದ್ದಲ್ಲ. ಇದನ್ನು ಮಗುವಿಗೆ ಮನೆಯಲ್ಲೇ ಹೇಳಿ, ದಡದಲ್ಲಿ ತಂತಿಯನ್ನು ತೋರಿಸಿ ಇನ್ನೊಮ್ಮೆ ಹೇಳಬೇಕು.

ಗಾಳದ ನಂಬರಿನಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯ ಗಾಳಗಳಲ್ಲಿ ಅಂಕೆ ದೊಡ್ಡದಾದಷ್ಟೂ ಗಾಳ ಚಿಕ್ಕದು. ಆರನೆಯ ನಂಬರಿಗಿಂತ ಹನ್ನೆರಡನೆಯ ನಂಬರು ಸಣ್ಣದು. ತೋಡಿನ ಸಣ್ಣ ಮೀನುಗಳಿಗೆ ಹತ್ತು, ಹನ್ನೆರಡು ಸಾಕು. ಅಂಗಡಿಯಲ್ಲಿ ಮಗನೇ ಕೇಳಿ ಕೊಳ್ಳಲಿ; ಲೆಕ್ಕದ ಪಾಠವೂ ಆಯಿತು. ಗಾಳಗಳನ್ನು ಬಿಡಿಯಾಗಿ ಚೀಲಕ್ಕೆ ಹಾಕಬಾರದು. ಬೆಂಡಿನ ತುಂಡಿಗೆ ಚುಚ್ಚಿ, ಮುಚ್ಚಳವಿರುವ ಡಬ್ಬಿಯೊಳಗಿಡಬೇಕು. ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳುವುದು ಮಕ್ಕಳ ಮಟ್ಟಿಗೆ ಬಹಳ ಒಳ್ಳೆಯದು. ನಾಲ್ಕು ಮೀನು ತಪ್ಪಿಸಿಕೊಳ್ಳಬಹುದು; ಆದರೆ ಗಾಳ ಬೆರಳಿಗೆ ಚುಚ್ಚಿದರೆ ಸುಲಭವಾಗಿ ಹೊರಬರುತ್ತದೆ. ಮುಳ್ಳಿರುವ ಗಾಳ ಆಳಕ್ಕೆ ಹೊಕ್ಕರೆ ಎಳೆಯಲು ಹೋಗದೆ, ದಾರವನ್ನು ಕತ್ತರಿಸಿ, ಹಾಗೆಯೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಯಿತೆಂಬುದನ್ನು ಮನೆಯವರು ನೆನಪಿಟ್ಟುಕೊಂಡಿರಬೇಕು.

ದಾರವೆಂದರೆ ಇಂದು ನೈಲಾನ್ ತಂಗೂಸಿಯೇ. ಗಟ್ಟಿ, ಅಗ್ಗ, ನೀರಿನಲ್ಲಿ ಕಾಣದು. ಆದರೆ ಹತ್ತಿ ನೂಲಿನಂತೆ ಅದು ಕೊಳೆತು ಮಣ್ಣಾಗುವುದಿಲ್ಲ. ದಡದಲ್ಲಿ ಬಿಸಾಡಿದ ಒಂದು ಮಾರು ತಂಗೂಸಿ ವರ್ಷಗಟ್ಟಲೆ ಅಲ್ಲೇ ಇದ್ದು ಕೊಕ್ಕರೆಯ, ನೀರುಕಾಗೆಯ ಕಾಲಿಗೆ ಉರುಳಾಗುತ್ತದೆ. ಆದುದರಿಂದ ತುಂಡಾದ ದಾರಕ್ಕೆಂದೇ ಚೀಲದಲ್ಲಿ ಒಂದು ಪುಟ್ಟ ಡಬ್ಬಿ ಇರಲಿ.

ದಾರವನ್ನು ಮುಳುಗಿಸಲು ಕಟ್ಟುವ ಸೀಸದ ಗುಂಡಿನ ವಿಷಯದಲ್ಲಿ ಹಿರಿಯರೂ ಎಚ್ಚರ ವಹಿಸಬೇಕು. ಸೀಸ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಮತ್ತೆ ಸರಿಯಾಗುವಂತಹುದಲ್ಲ. ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸವನ್ನು ನಾನು ಎಷ್ಟೋ ಹುಡುಗರಲ್ಲಿ ಕಂಡಿದ್ದೇನೆ. ಸೈಕಲ್ ಅಂಗಡಿಯಲ್ಲಿ ಸಿಗುವ ಹಳೆಯ ಕಬ್ಬಿಣದ ನಟ್ಟು ಅದೇ ಕೆಲಸವನ್ನು ಮಾಡುತ್ತದೆ. ಸೀಸವನ್ನೇ ಬಳಸಿದರೆ ಬುತ್ತಿ ಬಿಚ್ಚುವ ಮೊದಲು ಸೋಪಿನಿಂದ ಕೈ ತೊಳೆಯಬೇಕು.

ಎರೆಗೆ ಬಚ್ಚಲ ಬದಿಯ, ಬಾಳೆಯ ಬುಡದ ಎರೆಹುಳು ಸಾಕು. ಗೆರಟೆಯಲ್ಲಿ ಹಸಿಮಣ್ಣು ತುಂಬಿ, ಹುಳು ಹಾಕಿ, ಮೇಲೆ ಎಲೆ ಮುಚ್ಚಿ ಕಟ್ಟಿದರೆ ಸಂಜೆಯವರೆಗೂ ಬದುಕಿರುತ್ತವೆ. ಅಳಿವೆಯ ಬಳಿ ಸಿಗಡಿಯ ಚೂರು ಒದಗುತ್ತದೆ. ಇನ್ನು ಒಂದು ಚಾಕು, ಒಂದು ಇಕ್ಕಳ, ಕೈ ಒರಸಲು ಹಳೆಯ ಬೈರಾಸು. ಸಾಮಾನು ಇಲ್ಲಿಗೆ ಮುಗಿಯಿತು. ಹೆಚ್ಚು ಸಾಮಾನು ಕೊಂಡವನು ಹೆಚ್ಚು ಮೀನು ಹಿಡಿದನೆಂಬುದು ಸುಳ್ಳು. ಪೂರ್ಣಚಂದ್ರ ತೇಜಸ್ವಿಯವರು ಗಾಳದ ಹವ್ಯಾಸವನ್ನು ತಪಸ್ಸಿನಂತೆ ನಡೆಸಿದವರು. ಅವರ ಬರಹಗಳನ್ನು ಓದಿದ ಯಾರಿಗೂ ಗಾಳ ಹಾಕುವುದೆಂದರೆ ಮುಖ್ಯವಾಗಿ ಸುಮ್ಮನೆ ಕುಳಿತು ನೋಡುವುದೆಂಬುದು ಹೊಸದಾಗಿ ಹೇಳಬೇಕಾದ ಮಾತಲ್ಲ.

ಮೈಗೆ ಬೇಕಾದದ್ದು

ತಲೆಗೆ ಮುಟ್ಟಾಳೆ, ಕಾಲಿಗೆ ಹಿಡಿತವಿರುವ ರಬ್ಬರಿನ ಚಪ್ಪಲಿ, ಮೈಗೆ ಚಡ್ಡಿ ಮತ್ತು ಅಂಗಿ. ಮುಂಡು, ಲುಂಗಿ ಉಟ್ಟು ನೀರಿಗಿಳಿಯಬಾರದು. ನೀರು ಹೀರಿದ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವನೂ ಮುಳುಗುತ್ತಾನೆ. ಬುತ್ತಿಗೆ ಬಾಳೆಯೆಲೆಯಲ್ಲಿ ಕಟ್ಟಿದ ಕುಚ್ಚಲಕ್ಕಿ ಅನ್ನ, ಚಟ್ನಿ, ಒಂದು ಮಿಡಿ ಉಪ್ಪಿನಕಾಯಿ. ನಡುವೆ ತಿನ್ನಲು ಅವಲಕ್ಕಿ, ಬೆಲ್ಲ. ಕುಡಿಯುವ ನೀರು ಮನೆಯಿಂದಲೇ ಹೋಗಬೇಕು. ಕಣ್ಣೆದುರಿಗೆ ಹೊಳೆ ಹರಿಯುತ್ತಿದ್ದರೂ ಅದರ ನೀರನ್ನು ಕುಡಿಯುವ ಕಾಲ ಇದಲ್ಲ.

ಒಂದು ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಚಹಕ್ಕಾಗಿ ಮಾತ್ರವಲ್ಲ. ಮುಗುಡು ಮೀನಿನ ಬದಿಯ ರೆಕ್ಕೆಗಳಲ್ಲಿ ಚೂಪಾದ ಮುಳ್ಳುಗಳಿವೆ. ಅವು ಚುಚ್ಚಿದರೆ ಕೈ ಭುಜದವರೆಗೆ ಸಿಡಿಯುತ್ತದೆ. ಚುಚ್ಚಿದ ಭಾಗವನ್ನು ತಾಳಿಕೊಳ್ಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗೂ ಮಿಕ್ಕಿ ಇರಿಸಿದರೆ ನೋವು ತಗ್ಗುತ್ತದೆ. ನೀರಿನ ಬಿಸಿಯನ್ನು ನೋವಿಲ್ಲದ ಇನ್ನೊಂದು ಕೈಯಿಂದ ಮೊದಲು ಪರೀಕ್ಷಿಸಬೇಕು. ನೋಯುವ ಕೈಗೆ ಸುಡುವುದು ತಿಳಿಯದು.

ಕಾಲಿನಲ್ಲಿ ಗಾಯವಿದ್ದವರು ಕೆಸರಿಗಿಳಿಯಬಾರದು. ಮಳೆಗಾಲದಲ್ಲಿ ನಿಂತ ನೀರಿನ ಮೂಲಕ ಇಲಿಜ್ವರ ಬರುತ್ತದೆ. ಇಲಿ ಮತ್ತು ಜಾನುವಾರುಗಳ ಮೂತ್ರ ಬೆರೆತ ನೀರು ಗಾಯದ ಮೂಲಕ ರೋಗಾಣುವನ್ನು ಮೈಯೊಳಗೆ ಸೇರಿಸುತ್ತದೆ. ಹೊಳೆಗೆ ಹೋಗಿ ಬಂದ ಎರಡು ಮೂರು ವಾರಗಳೊಳಗೆ ಜ್ವರ ಬಂದು, ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. 'ಹೊಳೆಗೆ ಇಳಿದಿದ್ದೆ' ಎಂದು ವೈದ್ಯರಿಗೆ ಹೇಳಬೇಕು. ಆ ಒಂದು ಮಾತಿನಿಂದ ರೋಗ ಬೇಗ ಗುರುತಾಗುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. 108 ಎಂಬ ಸಂಖ್ಯೆ ಮಗುವಿಗೆ ಬಾಯಿಪಾಠವಾಗಿರಲಿ.

ಜೀವ ಉಳಿಸುವ ಎರಡು ವಸ್ತುಗಳು

ಮೇಲಿನ ಪಟ್ಟಿಯಲ್ಲಿ ಏನನ್ನು ಮರೆತರೂ ನಡೆದೀತು. ಆದರೆ ಒಂದು ಹಗ್ಗ ಮತ್ತು ಒಂದು ಖಾಲಿ ಕ್ಯಾನನ್ನು ಮರೆಯಕೂಡದು. ಬಾವಿಯ ಹಗ್ಗದಂತಹ ಹಗ್ಗ ಹತ್ತು ಹನ್ನೆರಡು ಮಾರು. ಬಿಗಿಯಾಗಿ ಮುಚ್ಚಳ ಹಾಕಿದ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಅದರ ತುದಿಗೆ ಕಟ್ಟಿರಬೇಕು. ಐದು ಲೀಟರ್ ಗಾಳಿ ನೀರಿನಲ್ಲಿ ಐದು ಕಿಲೋಗ್ರಾಮಿನಷ್ಟು ಭಾರವನ್ನು ಎತ್ತಿ ಹಿಡಿಯುತ್ತದೆ. ಮನುಷ್ಯನ ದೇಹದ ಹೆಚ್ಚಿನ ಭಾರವನ್ನು ನೀರೇ ಹೊರುವುದರಿಂದ ಮೂಗು, ಬಾಯಿ ಮೇಲಿರಲು ಇಷ್ಟು ಸಾಕು. ಆರ್ಕಿಮಿಡೀಸನ ತತ್ವವನ್ನು ಪರೀಕ್ಷೆಗೆಂದು ಕಲಿತವರು ಅದನ್ನು ದಡದಲ್ಲಿ ನೆನೆಯಬೇಕು.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ನಮ್ಮೂರ ಹೊಳೆಯಲ್ಲಿ ನಡೆದುದನ್ನು ಹೇಳುತ್ತೇನೆ. ಮೊಣಕಾಲು ನೀರಿನಲ್ಲಿ ನಿಂತಿದ್ದ ಹತ್ತು ವರ್ಷದ ಹುಡುಗ ಒಂದು ಹೆಜ್ಜೆ ಮುಂದಿಟ್ಟ, ಕಾಣದಾದ. ಹೊಯಿಗೆ ತೆಗೆದ ಹೊಂಡವದು. ದಡದಲ್ಲಿದ್ದ ಅಣ್ಣ ಹಾರಲು ಮುಂದಾದ. ಅವರೊಡನೆ ಬಂದಿದ್ದ ತೋಟದ ಕೆಲಸದ ಹಿರಿಯರೊಬ್ಬರು ಅವನ ತೋಳನ್ನು ಬಿಡದೆ ಹಿಡಿದು, "ನೀನು ಹಾರಿದರೆ ಇಬ್ಬರೂ ಹೋದಿರಿ" ಎಂದು ಗದರಿಸಿ, ಕ್ಯಾನನ್ನು ಎಸೆದರು. ಮೊದಲ ಎಸೆತ ತಪ್ಪಿತು. ಎರಡನೆಯದು ಮೇಲೆದ್ದ ಹುಡುಗನ ಕೈಗೆ ತಗಲಿತು. ಮರುದಿನ ನಾನು ಆ ಮನೆಗೆ ಹೋದಾಗ ತಾಯಿ ಕ್ಯಾನನ್ನು ದೇವರ ಕೋಣೆಯ ಬಾಗಿಲ ಬಳಿ ಇರಿಸಿದ್ದರು. "ಗುಜರಿಗೆ ಕೊಡಲು ತೆಗೆದಿಟ್ಟದ್ದು ಮಾಷ್ಟ್ರೇ" ಎಂದರು. ಅದಕ್ಕಿಂತ ಹೆಚ್ಚು ಮಾತಾಡಲು ಅವರಿಂದಾಗಲಿಲ್ಲ.

ನೀರಿನಲ್ಲಿ ಸಾಯುವವರಲ್ಲಿ ಉಳಿಸಲು ಹಾರಿದವರೂ ಇರುತ್ತಾರೆ. ಮುಳುಗುವವನು ಕೈಗೆ ಸಿಕ್ಕಿದವರನ್ನು ಹತ್ತಿ ಮೇಲೇಳಲು ನೋಡುತ್ತಾನೆ. ಅದು ಅವನ ತಪ್ಪಲ್ಲ, ದೇಹದ ಸ್ವಭಾವ. ಆದುದರಿಂದ ಮಕ್ಕಳಿಗೆ ಮೂರು ಮಾತು ಕಲಿಸಬೇಕು: ಕೂಗು, ಕೋಲು ಚಾಚು, ಹಗ್ಗ ಎಸೆ. ಹಾರುವುದು ಈ ಪಟ್ಟಿಯಲ್ಲಿ ಇಲ್ಲ. ಹಗ್ಗವನ್ನು ಎಸೆಯುವುದನ್ನು ಅಂಗಳದಲ್ಲಿ ಒಂದು ಬಾಳೆಗಿಡವನ್ನು ಗುರಿಯಾಗಿಸಿ ಹತ್ತು ಬಾರಿ ಅಭ್ಯಾಸ ಮಾಡಿಸಿರಿ. ಹುಡುಗರಿಗೆ ಇದೊಂದು ಆಟ.

ಹೊಯಿಗೆಯ ಹೊಂಡಗಳ ವಿಷಯವಾಗಿ ಅಜ್ಜಂದಿರಿಗೂ ಒಂದು ಮಾತು. 'ನಾವು ದಾಟುತ್ತಿದ್ದ ಕಡವು, ಸೊಂಟದಷ್ಟೂ ನೀರಿಲ್ಲ' ಎಂದು ದಯವಿಟ್ಟು ಹೇಳಬೇಡಿರಿ. ನಿಮ್ಮ ಕಾಲದ ಆಳ ಇಂದಿನ ಆಳವಲ್ಲ. ಕಳೆದ ವರ್ಷದ ಆಳ ಕೂಡ ಈ ವರ್ಷದ್ದಲ್ಲ.

ಹೊಳೆಯ ಗಡಿಯಾರ

ಗಡಿನಾಡಿನವರಾದ ನಮಗೆ ಹೊಳೆಯೂ ಗಡಿಯನ್ನು ದಾಟಿಯೇ ಬರುತ್ತದೆ ಎಂಬುದು ನೆನಪಿರಬೇಕು. ಚಂದ್ರಗಿರಿಯನ್ನು ಸೇರುವ ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಮೂಲಕ ಇಳಿದು ಬರುತ್ತಾಳೆ. ನಮ್ಮಲ್ಲಿ ಬಿಸಿಲು ಕಾಯುತ್ತಿದ್ದರೂ ಘಟ್ಟದಲ್ಲಿ ಸುರಿದ ಮಳೆ ಕೆಲವು ಗಂಟೆಗಳಲ್ಲಿ ನಮ್ಮ ದಡಕ್ಕೆ ಬರಬಹುದು. 2018ರ ಆಗಸ್ಟ್ ತಿಂಗಳಲ್ಲಿ ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಪಯಸ್ವಿನಿ ಕೆಸರನ್ನೂ ಮರದ ದಿಮ್ಮಿಗಳನ್ನೂ ಹೊತ್ತು ತಂದುದನ್ನು ಕಂಡವರಿದ್ದಾರೆ. ತಿಳಿನೀರು ಕದಡಿ ಕೆಂಪಾಗುವುದು, ಕಸಕಡ್ಡಿ ತೇಲಿಬರುವುದು, ಹರಿಯುವ ಸದ್ದು ಬದಲಾಗುವುದು — ಈ ಮೂರರಲ್ಲಿ ಒಂದನ್ನು ಕಂಡರೂ ಸಾಮಾನನ್ನು ಅಲ್ಲೇ ಬಿಟ್ಟು ಮೇಲೇರಬೇಕು.

ಅಳಿವೆಯಲ್ಲಿ ಭರತ, ಇಳಿತಗಳ ಲೆಕ್ಕ ಬೇರೆ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಬೆಳಿಗ್ಗೆ ನಡೆದು ಹೋದ ದಿಣ್ಣೆ ಮಧ್ಯಾಹ್ನಕ್ಕೆ ದ್ವೀಪವಾಗಿರುತ್ತದೆ. ಮನೆಯ ಪಂಚಾಂಗದಲ್ಲಿ ತಿಥಿ ನೋಡಿ ಹೊರಡುವುದು ಇಲ್ಲಿ ಬರಿಯ ಸಂಪ್ರದಾಯವಲ್ಲ.

ತುಲಾಮಾಸದ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬಯಲಿನಲ್ಲಿ ಉದ್ದ ಕೋಲು ಹಿಡಿದು ನಿಂತವನು ಸಿಡಿಲಿಗೆ ತಾನೇ ಗುರಿಯಾಗುತ್ತಾನೆ. ಮೊದಲ ಗುಡುಗಿಗೇ ಕೋಲು ಕೆಳಗಿಟ್ಟು ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಬರಬಾರದು. ಮರದಡಿ ನಿಲ್ಲುವುದು ಆಶ್ರಯವಲ್ಲ. ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದ ದಿನ ಹೊಳೆಯ ಮಾತೇ ಬೇಡ. ದಡದ ಎಚ್ಚರಿಕೆಯ ಫಲಕಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಅಷ್ಟನ್ನು ಓದಲು ಕಲಿತಿರಲಿ. ಭಾಷಾಭಿಮಾನಕ್ಕೆ ಅದರಿಂದ ಕುಂದಿಲ್ಲ.

ಕೊಂಡೊಯ್ಯಬಾರದ್ದು

ಚೀಲದಲ್ಲಿ ಇರಬಾರದ ವಸ್ತುಗಳನ್ನೂ ಹೇಳಬೇಕು. ತೋಟೆ, ಮೈಲುತುತ್ತು, ಬ್ಲೀಚಿಂಗ್ ಪುಡಿ, ಬ್ಯಾಟರಿಯ ತಂತಿ. ಹಿರಿಯರಾದರೆ ಇನ್ನೊಂದು: ಮದ್ಯ. ಅಡಕೆಯ ಕೊಳೆರೋಗಕ್ಕೆ ತಂದ ತುತ್ತನ್ನು ಕಯಕ್ಕೆ ಹಾಕಿ ಮೀನು ಬಾಚುವವರು ನಮ್ಮ ನಡುವೆ ಇಲ್ಲವೆನ್ನಲಾರೆ. ಅದು ಬೇಕಾದ ಹತ್ತು ಮೀನಿನೊಡನೆ ಸಾವಿರ ಮರಿಗಳನ್ನೂ ಕೊಲ್ಲುತ್ತದೆ. ಕೆಳಗಿನ ದಡದಲ್ಲಿ ದನ ನೀರು ಕುಡಿಯುತ್ತದೆ. ಸ್ಫೋಟಕ ಮತ್ತು ವಿಷದಿಂದ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ಅಪರಾಧವೆಂದಿತು. ಅದಕ್ಕೂ ಮೊದಲು ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಈ ಜಿಲ್ಲೆಯ ಹೊಳೆಗಳ ಮೀನುಗಳನ್ನು ಅಭ್ಯಸಿಸಿದ್ದರು. ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಅವರ ಗ್ರಂಥ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕಾಸರಗೋಡು ಆಗ ಆ ಜಿಲ್ಲೆಗೇ ಸೇರಿತ್ತು. ನೀರಿಗೆ ವಿಷ ಸೇರಿದರೆ ಏನಾಗುತ್ತದೆಂಬುದನ್ನು ನಮಗೆ ಗ್ರಂಥ ತೆರೆದು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ವಿಮಾನದಿಂದ ಸುರಿದ ಎಂಡೋಸಲ್ಫಾನನ್ನು ಎಣ್ಮಕಜೆಯಂತಹ ನಮ್ಮ ಕನ್ನಡ ಗ್ರಾಮಗಳು ಇಂದಿಗೂ ತಮ್ಮ ಮಕ್ಕಳ ಮೈಯಲ್ಲಿ ಕಾಣುತ್ತಿವೆ.

ಜೂನ್ ತಿಂಗಳ ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಬರುವ ಉಬರ್ ಮೀನನ್ನೂ ಬಿಟ್ಟುಬಿಡಬೇಕು. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ, ಮಲಯಾಳದಲ್ಲಿ ಊತ್ತ. ಅವು ಮೊಟ್ಟೆಯಿಡಲು ಬರುವ ಮೀನುಗಳು. ಬಸುರಿಯನ್ನು ಬಾಗಿಲಲ್ಲಿ ಹಿಡಿದಂತೆ. ಕೇರಳದ 2010ರ ಒಳನಾಡು ಮೀನುಗಾರಿಕಾ ಕಾಯಿದೆಯ ಮೇರೆಗೆ ಇದು ಶಿಕ್ಷಾರ್ಹ. ಹಾಗೆಯೇ ಕರಿಮೀನಿನ ಜೋಡಿ ತಮ್ಮ ಮೊಟ್ಟೆ, ಮರಿಗಳನ್ನು ಕಾಯುತ್ತ ಒಂದೇ ಕಡೆ ಸುತ್ತುತ್ತಿರುತ್ತದೆ. ಮಡೆಂಜಿಯೂ ಮರಿಗಳ ಗುಂಪನ್ನು ಬಿಟ್ಟಗಲದು. ಅಂತಹ ಕಡೆ ಗಾಳ ಹಾಕಿದರೆ ಒಂದು ಮೀನು ಸಿಗುತ್ತದೆ, ಒಂದು ಸಂಸಾರ ಹೋಗುತ್ತದೆ.

ಹಿಡಿದುದನ್ನು ಮನೆಗೆ ತರುವ ಬಗೆ ಗೃಹಿಣಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೀನಿನಷ್ಟೇ ತೂಕದ ಮಂಜುಗಡ್ಡೆ ಇದ್ದರೆ ಉತ್ತಮ. ಇಲ್ಲವಾದರೆ ಕಿವಿರು, ಕರುಳು ತೆಗೆದು ತೊಳೆದು, ಹಾಳೆಯಲ್ಲಿ ಹಸಿ ಎಲೆ ಮುಚ್ಚಿ ನೆರಳಿನಲ್ಲಿಟ್ಟು ಬೇಗ ಮನೆ ಸೇರಬೇಕು. ಬೆರಳುದ್ದದ ಮರಿಗಳನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡುವ ಕೆಲಸ ಮಗುವಿನದಾಗಿರಲಿ.

ಕತ್ತರಿಸಿ ಬಾಗಿಲ ಹಿಂದೆ ಅಂಟಿಸಲು

1. ಕೋಲು, ದಾರ, ಬೆಂಡು, ಡಬ್ಬಿಯಲ್ಲಿ ಗಾಳ, ಕಬ್ಬಿಣದ ನಟ್ಟು.
2. ಗೆರಟೆಯಲ್ಲಿ ಎರೆ. ತುಂಡು ದಾರಕ್ಕೆ ಬೇರೆ ಡಬ್ಬಿ.
3. ಚಾಕು, ಇಕ್ಕಳ, ಬೈರಾಸು, ಸೋಪು.
4. ಬುತ್ತಿ, ಕುಡಿಯುವ ನೀರು, ಬಿಸಿನೀರಿನ ಫ್ಲಾಸ್ಕು.
5. ಶುಭ್ರವಾದ ಬಟ್ಟೆಪಟ್ಟಿ, ಗಾಯದ ಮುಲಾಮು.
6. ಸೀಟಿ, ಟಾರ್ಚು, ಪ್ಲಾಸ್ಟಿಕ್ ಹೊದಿಕೆಯಲ್ಲಿ ಮೊಬೈಲು.
7. ಹಗ್ಗ ಕಟ್ಟಿದ ಕ್ಯಾನು.
8. ಕಡಿಮೆಯೆಂದರೆ ಮೂವರು, ಅವರಲ್ಲಿ ಒಬ್ಬರು ಈಜು ಬಲ್ಲ ಹಿರಿಯರು.

ಒಂಬತ್ತನೆಯದು ಚೀಲಕ್ಕೆ ಸೇರುವುದಲ್ಲ, ಮನೆಯಲ್ಲಿ ಬಿಟ್ಟು ಹೋಗುವುದು. ಒಂದು ಚೀಟಿಯಲ್ಲಿ ಮೂರು ಸಾಲು: ಯಾವ ಕಡವಿಗೆ ಹೋಗುತ್ತಿದ್ದೇವೆ, ಯಾರು ಯಾರು ಜತೆಯಲ್ಲಿದ್ದಾರೆ, ಎಷ್ಟು ಗಂಟೆಗೆ ಹಿಂತಿರುಗುತ್ತೇವೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾದರೆ ಮನೆಯಿಂದ ಯಾರಾದರೂ ಆ ಕಡವಿಗೆ ನಡೆಯಬೇಕು. ನಡುವೆ ಬೇರೆ ದಡಕ್ಕೆ ಹೋಗಬೇಕೆನಿಸಿದರೆ ಮನೆಗೆ ತಿಳಿಸದೆ ಹೋಗಕೂಡದು.

ಪತ್ರ ಬರೆದ ತಾಯಿಗೆ ಇಷ್ಟನ್ನು ಹೇಳಬಯಸುತ್ತೇನೆ. ಅಮ್ಮಾ, ಮಗನಿಗೆ 'ಬೇಡ' ಎನ್ನುವ ಬದಲು 'ಚೀಟಿ ಎಲ್ಲಿ?' ಎಂದು ಕೇಳಿರಿ. ಸೋದರಮಾವನಿಗೂ ಅದೇ ಪ್ರಶ್ನೆಯನ್ನು ಕೇಳಿರಿ. ಚೀಟಿ ಬರೆಯದ ಹಿರಿಯನೊಡನೆ ಮಗುವನ್ನು ಕಳುಹಿಸಬೇಡಿರಿ. ಬರುವ ತಿಂಗಳು ಮಕ್ಕಳಿಗೆ ಈಜು ಕಲಿಸುವ ವಿಷಯವನ್ನು ಎತ್ತಿಕೊಳ್ಳೋಣ. ನಿಮ್ಮ ಕಡೆಯ ಹೊಳೆಯ ಮೀನುಗಳಿಗೆ ನಿಮ್ಮ ಮನೆಮಾತಿನಲ್ಲಿರುವ ಹೆಸರುಗಳನ್ನು ಮಕ್ಕಳ ಕೈಯಿಂದಲೇ ಬರೆಯಿಸಿ ಕಳುಹಿಸಿರಿ.